ಕೂಡಿ ಓದುವುದೂ ಆರಿಸಿ ಓದುವುದೂ

ಹತ್ತು ಮಂದಿ ಒಂದೆಡೆ ಸೇರಿ ಒಂದು ಪುಸ್ತಕವನ್ನು ಓದಬೇಕೆಂದು ನಿಶ್ಚಯಿಸಿದೊಡನೆ ಅವರ ಮುಂದೆ ಬಂದು ನಿಲ್ಲುವ ಮೊದಲನೆಯ ಪ್ರಶ್ನೆಯೆಂದರೆ, ಓದತಕ್ಕ ಪುಸ್ತಕ ಯಾವುದು ಎಂಬುದು. ಮೇಲ್ನೋಟಕ್ಕೆ ಇದು ಅಲ್ಪವಾದ ಪ್ರಶ್ನೆಯೆಂದೇ ತೋರುತ್ತದೆ. ಕಪಾಟಿನಲ್ಲಿ ಕೈಗೆ ಸಿಕ್ಕಿದುದನ್ನು ತೆಗೆದರಾಯಿತು, ಇಲ್ಲವೆ ಬಲ್ಲವರೊಬ್ಬರನ್ನು ಕೇಳಿದರಾಯಿತು. ಇದರಲ್ಲಿ ವಿಚಾರ ಮಾಡುವುದಕ್ಕೇನಿದೆ? ಇದೆ ಎಂದು ನಮ್ಮ ಎಣಿಕೆ. ಒಬ್ಬನೇ ಕುಳಿತು ಓದುವವನಿಗೆ ಪುಸ್ತಕದ ಆಯ್ಕೆ ಅಭಿರುಚಿಯ ಮಾತು. ಹಿಡಿಸದಿದ್ದರೆ ಮುಚ್ಚಿಡಬಹುದು, ಕೇಳುವವರಿಲ್ಲ. ಕೂಡಿ ಓದುವವರಲ್ಲಾದರೋ ಒಬ್ಬನ ಇಷ್ಟವು ಉಳಿದ ಒಂಬತ್ತು ಮಂದಿಯ ಒಂದು ತಿಂಗಳ ಬಿಡುವನ್ನು ಪಡೆದುಕೊಳ್ಳುತ್ತದೆ. ಇನ್ನೊಬ್ಬರ ಬಿಡುವನ್ನು ಪಡೆಯುವ ಹಕ್ಕು ಯಾರಿಗೆ, ಎಲ್ಲಿಂದ ಬಂತು ಎಂದು ಕೇಳಿದ ಕೂಡಲೆ ಅಭಿರುಚಿಯ ಮಾತು ನ್ಯಾಯದ ಮಾತಾಗಿಬಿಡುತ್ತದೆ.

ಇದನ್ನು ನಾವು ಬರಿಯ ತರ್ಕಕ್ಕಾಗಿ ಎತ್ತಿದ್ದಲ್ಲ. ಕಾಸರಗೋಡಿನ ಒಳನಾಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಜಗಲಿಯಲ್ಲಿ, ಪ್ರತಿ ತಿಂಗಳ ಎರಡನೆಯ ಶನಿವಾರ ಅಪರಾಹ್ಣ, ಕೆಲವು ಅಧ್ಯಾಪಕರೂ ಕೆಲವು ಹಳೆಯ ವಿದ್ಯಾರ್ಥಿಗಳೂ ಮೇಲಿನ ತರಗತಿಯ ನಾಲ್ಕಾರು ಮಕ್ಕಳೂ ಸೇರಿ ನಾವು ಓದತೊಡಗಿ ಎರಡು ವರ್ಷಗಳಾದುವು. ನಮ್ಮ ಕೂಟಕ್ಕೆ ಹೆಸರಿಲ್ಲ. ಹೆಸರಿಟ್ಟರೆ ಅಧ್ಯಕ್ಷರು ಬೇಕಾಗುತ್ತಾರೆ. ಅಧ್ಯಕ್ಷರಾದ ಮೇಲೆ ಸ್ವಾಗತ ಭಾಷಣ, ವಂದನಾರ್ಪಣೆಗಳು ಬೇಕಾಗುತ್ತವೆ. ಇವೆಲ್ಲ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಹೀಗೆ ಕಟ್ಟುಕಟ್ಟಳೆಗಳಿಲ್ಲದೆ ಸೇರಿದ ನಮ್ಮಲ್ಲಿಯೂ ತನಗೊಂದು ಕಟ್ಟಳೆ ಬೇಕೇ ಬೇಕೆಂದು ಹಟ ಹಿಡಿದದ್ದು ಈ ಆಯ್ಕೆಯ ಪ್ರಶ್ನೆಯೊಂದೇ.

ಕೂಡಿ ಓದುವುದು ನಮ್ಮ ಸೀಮೆಗೆ ಹೊಸತಲ್ಲ. ಆಟಿಯ ಬಿರುಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಚಾವಡಿಯಲ್ಲಿ ದೀಪವಿಟ್ಟು ತೊರವೆ ರಾಮಾಯಣವನ್ನೋ ಜೈಮಿನಿ ಭಾರತವನ್ನೋ ಓದಿಸುತ್ತಿದ್ದ ಮನೆಗಳು ಎಷ್ಟೋ ಇದ್ದುವು. ಒಬ್ಬರು ರಾಗವಾಗಿ ಓದುವವರು, ಒಬ್ಬರು ಅರ್ಥ ಹೇಳುವವರು, ಉಳಿದವರು ಕೇಳುವವರು. ಅದೇ ಮಳೆಯ ತಿಂಗಳಿನಲ್ಲಿ ನೆರೆಯ ಮಲಯಾಳಿ ಮನೆಗಳಲ್ಲಿ ಕರ್ಕಾಟಕ ಮಾಸದ ವ್ರತವಾಗಿ ಎಳುತ್ತಚ್ಛನ್ ಕವಿಯ ಅಧ್ಯಾತ್ಮ ರಾಮಾಯಣದ ಪಾರಾಯಣ ಇಂದಿಗೂ ನಡೆಯುತ್ತದೆ. ಇಲ್ಲೆಲ್ಲ ಯಾವ ಪುಸ್ತಕವೆಂದು ಯಾರೂ ಯಾರನ್ನೂ ಕೇಳಲಿಲ್ಲ. ಆಯ್ಕೆಯ ಭಾರವನ್ನು ಹಿರಿಯರ ವಾಡಿಕೆ ಹೊತ್ತು ಮುಗಿಸಿತ್ತು.

ನಮ್ಮ ತಾಳಮದ್ದಳೆಯಲ್ಲಿ ಇನ್ನೊಂದು ಬಗೆಯನ್ನು ಕಾಣುತ್ತೇವೆ. ಪ್ರಸಂಗ ಯಾವುದೆಂದು ಕೂಟವನ್ನು ಏರ್ಪಡಿಸಿದವರು ನಿಶ್ಚಯಿಸುತ್ತಾರೆ. ಪದ್ಯ ಕುಂಬಳೆಯ ಪಾರ್ತಿಸುಬ್ಬನದಾಗಿರಬಹುದು. ಆದರೆ ಅರ್ಥ ಮಾತ್ರ ಅರ್ಥಧಾರಿಯದು. ವಾಲಿಯ ಪಾತ್ರವನ್ನು ವಹಿಸಿದವನು ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕುತ್ತಾನೆ, ರಾಮನಾದವನು ಬಿಡಿಸಿಕೊಳ್ಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಕೇಳಿದ ಹಿರಿಯರು, ಒಂದೇ ಪದ್ಯದಿಂದ ಎಷ್ಟು ಬಗೆಯ ನ್ಯಾಯ ಹೊರಡಬಹುದೆಂಬುದನ್ನು ಈಗಲೂ ಹೇಳುತ್ತಿರುತ್ತಾರೆ. ಹಾಗಾದರೆ ಅರ್ಥದಲ್ಲಿ ಸ್ವಾತಂತ್ರ್ಯವಿದ್ದರೆ ಸಾಲದೆ, ಗ್ರಂಥದ ಆಯ್ಕೆಗೆ ಇಷ್ಟು ಚರ್ಚೆಯೇಕೆ ಎಂದು ಕೇಳಬಹುದು. ಬಡಿಸಿದುದರ ರುಚಿಯನ್ನು ಹೇಳುವ ಸ್ವಾತಂತ್ರ್ಯ ಬೇರೆ, ಇಂದು ಅಡುಗೆ ಏನೆಂದು ಹೇಳುವ ಸ್ವಾತಂತ್ರ್ಯ ಬೇರೆ. ಮೊದಲನೆಯದು ದೊಡ್ಡದೇ; ಆದರೆ ಎರಡನೆಯದನ್ನು ಅದು ತುಂಬಿಕೊಡಲಾರದು. ನಂದಳಿಕೆಯ ಮುದ್ದಣ ಕವಿ ಇದನ್ನು ಬಲ್ಲವನು. ಅವನ ಶ್ರೀರಾಮಾಶ್ವಮೇಧದಲ್ಲಿ ಮುದ್ದಣನು ಕಥೆ ಹೇಳುವ ಮೊದಲು ಮನೋರಮೆಯೊಡನೆ ಮಾತಾಡಿ, ಯಾವ ಕಥೆ, ಪದ್ಯವೋ ಗದ್ಯವೋ ಎಂಬುದನ್ನು ತೀರ್ಮಾನಿಸಬೇಕಾಯಿತು. ಕಥೆ ಹೊರಟ ಮೇಲೂ ಸಂಸ್ಕೃತದ ಭಾರ ಹೆಚ್ಚಿದಾಗ ಆಕೆ ತಡೆದು ನಿಲ್ಲಿಸುತ್ತಾಳೆ. ಕೇಳುವವಳಿಗೆ ಆಯ್ಕೆಯಲ್ಲಿ ಪಾಲು ಕೊಟ್ಟ ಇಬ್ಬರದೇ ಓದುಕೂಟ ಅದು ಎಂದು ನಾವು ತಿಳಿಯುತ್ತೇವೆ.

ಅಧ್ಯಾಪಕರಾದವರಿಗೆ ಈ ಪಾಲು ಕೊಡುವುದು ಸುಲಭವಲ್ಲ. ನಾವು ಕಲಿಸುವ ಪಠ್ಯವನ್ನು ಆರಿಸುವವರು ಬೇರೆ. ಆರಿಸಿದುದನ್ನು ಜೂನ್ ತಿಂಗಳಿನಿಂದ ಮಾರ್ಚಿನವರೆಗೆ ದಾಟಿಸುವುದು ನಮ್ಮ ಕೆಲಸ. ಇದು ದೂರಲ್ಲ, ಶಾಲೆಯೆಂಬ ವ್ಯವಸ್ಥೆ ಹಾಗೆಯೇ ನಡೆಯತಕ್ಕದ್ದು. ಆದರೆ ಮೇಲಿನಿಂದ ಬಂದುದನ್ನು ಕೆಳಗೆ ಕೊಡುವ ಅಭ್ಯಾಸ ಕೈಗೆ ಹತ್ತಿದ ಮೇಲೆ, ಸ್ವತಂತ್ರವಾಗಿ ಕೂಡಿದಲ್ಲಿಯೂ ಮಕ್ಕಳಿಗೆ ಯಾವುದು ಒಳ್ಳೆಯದೆಂದು ನಾವೇ ಬಲ್ಲೆವೆಂಬ ಭಾವ ತಾನಾಗಿ ಬಂದು ಕುಳಿತುಕೊಳ್ಳುತ್ತದೆ. ಬಲ್ಲವರೇ ಆರಿಸಲಿ ಎಂಬ ವಾದಕ್ಕೆ ಬಲವಿಲ್ಲದಿಲ್ಲ. ನೂರು ಪುಸ್ತಕ ಓದಿದವನು ಹತ್ತು ಓದಿದವನಿಗಿಂತ ಚೆನ್ನಾಗಿ ದಾರಿ ತೋರಿಸಬಲ್ಲ. ದಾರಿ ತೋರಿಸುವವನು ನಡೆಯುವವನ ಕಾಲನ್ನೂ ತನ್ನದೆಂದು ತಿಳಿದಾಗ ಮಾತ್ರ ತೊಡಕು.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿಯನ್ನು ಆರಂಭಿಸಿದವರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ, ಓದುಗನೊಬ್ಬೊಬ್ಬನಿಗೂ ಅವನ ಪುಸ್ತಕ ದೊರೆಯಬೇಕು, ಪುಸ್ತಕವೊಂದೊಂದಕ್ಕೂ ಅದರ ಓದುಗ ದೊರೆಯಬೇಕು ಎಂಬ ಎರಡು ನಡುವೆ ಬರುತ್ತವೆ. ಗಮನಿಸಿರಿ: ಎರಡರಲ್ಲಿಯೂ ಓದುಗ ಒಬ್ಬನೇ. ಗ್ರಂಥಾಲಯದಲ್ಲಿ ಹತ್ತು ಮಂದಿ ಹತ್ತು ಪುಸ್ತಕಗಳೊಡನೆ ಹೊರಬೀಳಬಹುದು; ಯಾರಿಗೂ ಅನ್ಯಾಯವಿಲ್ಲ. ಓದುಕೂಟದಲ್ಲಿ ಹತ್ತು ಮಂದಿಗೆ ಪುಸ್ತಕವೊಂದೇ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರೂ ಶಾಲಾ ಅಧ್ಯಾಪಕರೇ; 1945ರಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ಸಂಘವನ್ನು ಸ್ಥಾಪಿಸಿದರು. ಅವರು ತೀರಿಕೊಂಡ ಜೂನ್ 19ನ್ನು ನಾವು ಶಾಲೆಗಳಲ್ಲಿ ವಾಚನಾ ದಿನವೆಂದು ಆಚರಿಸುತ್ತೇವೆ. ಆ ದಿನದ ಭಾಷಣಗಳಲ್ಲಿ ಓದಬೇಕು ಎಂಬುದನ್ನು ಸಾಕಷ್ಟು ಕೇಳುತ್ತೇವೆ. ಏನನ್ನು, ಯಾರ ಮಾತಿನಂತೆ ಎಂಬುದು ಬರುವುದಿಲ್ಲ.

ಬಲ್ಲವರ ಆಯ್ಕೆ ಬೇಡವಾದರೆ ಬಹುಮತವಿದೆಯಲ್ಲ ಎನ್ನುವವರು ನಮ್ಮಲ್ಲಿ ಹೆಚ್ಚು. ಕೈ ಎತ್ತಿಸಿ ಎಣಿಸಿದರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ. ಆದರೆ ಎಣಿಕೆಯ ವಿಷಯದಲ್ಲಿ ಕಾಸರಗೋಡಿನವರಿಗೆ ಪಾಠ ಹೇಳಬೇಕಾದದ್ದಿಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗವು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕನ್ನು ಇಡಿಯಾಗಿ ತೆಗೆದುಕೊಂಡು ನೋಡಿತು; ಮಲಯಾಳ ಭಾಷಿಕರು ಹೆಚ್ಚು ಎಂದು ಕಂಡಿತು; 1956ರ ನವಂಬರ 1ರಂದು ತಾಲೂಕು ಕೇರಳಕ್ಕೆ ಸೇರಿತು. ಹತ್ತು ವರ್ಷಗಳ ಬಳಿಕ ನೇಮಕಗೊಂಡ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಬೇರೆಯಾಗಿ ನೋಡಿತು. ಅದು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರ ವರದಿಯಲ್ಲಿ ಶಿಫಾರಸು ಮಾಡಿತು. ಶಿಫಾರಸು ಕಾರ್ಯಗತವಾಗಲಿಲ್ಲ, 1984ರಲ್ಲಿ ಕಾಸರಗೋಡು ಕೇರಳದ ಒಂದು ಜಿಲ್ಲೆಯಾಯಿತು. ಈ ಇತಿಹಾಸದ ಸರಿತಪ್ಪುಗಳನ್ನು ಇಲ್ಲಿ ತೂಗಲು ನಾವು ಹೊರಟಿಲ್ಲ. ನಮ್ಮ ಪ್ರಶ್ನೆಗೆ ಬೇಕಾದ ಅಂಶವಿಷ್ಟೆ: ಗೆರೆಯನ್ನು ಎಲ್ಲಿ ಎಳೆಯುತ್ತೇವೆಂಬುದರ ಮೇಲೆ ಬಹುಮತ ಯಾರದೆಂಬುದು ನಿಂತಿರುತ್ತದೆ. ತಾಲೂಕನ್ನು ಎಣಿಸಿದರೆ ಒಂದು ಉತ್ತರ, ಹೊಳೆಯ ಈಚೆಯನ್ನು ನೋಡಿದರೆ ಇನ್ನೊಂದು. ನಮ್ಮ ಜಗಲಿಯಲ್ಲಿಯೂ ಹಾಗೆಯೇ. ಅಧ್ಯಾಪಕರ ಕೈಗಳನ್ನು ಮಾತ್ರ ಎಣಿಸಿದರೆ ಕಾದಂಬರಿ ಗೆಲ್ಲುತ್ತದೆ. ಮಕ್ಕಳನ್ನೂ ಸೇರಿಸಿದರೆ ಹುಲಿಯ ಬೇಟೆಯ ಪುಸ್ತಕ ಗೆಲ್ಲುತ್ತದೆ. ಎಣಿಸುವ ಮೊದಲೇ ಯಾರನ್ನು ಎಣಿಸಬೇಕೆಂದು ಯಾರೋ ತೀರ್ಮಾನಿಸಿರುತ್ತಾರೆ. ಆ ತೀರ್ಮಾನಕ್ಕೆ ಯಾರೂ ಕೈ ಎತ್ತಿರುವುದಿಲ್ಲ.

ಹಾಗೆಂದು ಮತವೇ ಅನ್ಯಾಯವೆಂದು ಹೇಳಿಬಿಡುವುದೂ ಸರಿಯಲ್ಲ. ಕಣ್ಣೂರು, ಕಾಸರಗೋಡು ಕಡೆಯ ಬೀಡಿ ಕಟ್ಟುವ ಶೆಡ್ಡುಗಳಲ್ಲಿ ಒಬ್ಬ ಕೆಲಸಗಾರ ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದುವುದು, ಅವನ ಪಾಲಿನ ಬೀಡಿಗಳನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುವುದು ಬಹುಕಾಲದ ಪದ್ಧತಿಯಾಗಿತ್ತು. ಓದನ್ನು ಇಷ್ಟು ನಿಖರವಾಗಿ ಬೆಲೆ ಕಟ್ಟಿ ಕೊಂಡವರು ಬೇರೆ ಯಾರಿದ್ದಾರೆಂದು ನಮಗೆ ತಿಳಿಯದು. ದೂರದ ಕ್ಯೂಬಾ ದೇಶದ ಹವಾನಾ ನಗರದ ಚುಟ್ಟದ ಕಾರ್ಖಾನೆಗಳಲ್ಲಿಯೂ 1865ರಲ್ಲಿ ಇಂಥದೇ ಓದು ಆರಂಭವಾಯಿತು. ಮರುವರ್ಷವೇ ಅಲ್ಲಿನ ಸರಕಾರ ಅದನ್ನು ನಿಷೇಧಿಸಿತು. ಆದರೂ ಓದು ಸಾಯಲಿಲ್ಲ, ಮತ್ತೆ ಚಿಗುರಿತು. ಅಲ್ಲಿ ಯಾವ ಪುಸ್ತಕವೆಂಬುದನ್ನು ಕೆಲಸಗಾರರು ಮತ ಹಾಕಿ ನಿಶ್ಚಯಿಸುತ್ತಿದ್ದರು. ಒಂದು ಜಾತಿಯ ಚುಟ್ಟಕ್ಕೆ ಮಾಂಟೆ ಕ್ರಿಸ್ಟೋ ಎಂಬ ಹೆಸರು ಬಂದದ್ದು ಅವರು ಮೆಚ್ಚಿ ಕೇಳಿದ ಕಾದಂಬರಿಯಿಂದಲೇ ಎಂದು ಹೇಳುವುದುಂಟು. ದಿನವೂ ಗಂಟೆಗಟ್ಟಲೆ ಓದು ನಡೆಯುವಲ್ಲಿ ಈ ವಾರ ಸೋತವನ ಪುಸ್ತಕ ಮುಂದಿನ ತಿಂಗಳು ಗೆಲ್ಲಬಹುದು. ಇಂದಿನ ಸೋಲು ನಾಳೆಯ ಗೆಲುವಾಗಬಲ್ಲಲ್ಲಿ ಮತವು ನ್ಯಾಯವೇ. ನಮ್ಮಲ್ಲಾದರೋ ವರ್ಷಕ್ಕೆ ಹತ್ತು ಪುಸ್ತಕಗಳು. ಎಂಟು ಮಂದಿಗೆ ಕಥೆ ಬೇಕು, ಒಬ್ಬನಿಗೆ ಮಾತ್ರ ವಿಜ್ಞಾನ ಬೇಕು. ಮತ ಹಾಕಿದರೆ ಅವನು ಹತ್ತು ಸಲವೂ ಸೋಲುತ್ತಾನೆ. ಸೋತವನೇ ಎಂದೆಂದೂ ಸೋಲುವುದಾದರೆ ಅವನನ್ನು ಕೇಳಿದ್ದೇಕೆ?

ನಮ್ಮ ಕೂಟದಲ್ಲಿ ಕನ್ನಡ ಮನೆಮಾತಾಗಿರುವವರು ಬಹಳ ಮಂದಿಯಲ್ಲ. ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಇವೆಲ್ಲ ಮನೆಯ ಮಾತುಗಳು. ಕನ್ನಡ ನಮ್ಮೆಲ್ಲರನ್ನು ಕೂಡಿಸಿದ ಶಾಲೆಯ ಮಾತು. ಒಮ್ಮೆ ಮಲಯಾಳ ಮನೆಮಾತಿನ ವಿದ್ಯಾರ್ಥಿನಿಯೊಬ್ಬಳು, ಮಲಯಾಳದಿಂದ ಕನ್ನಡಕ್ಕೆ ಬಂದ ಕಥಾಸಂಗ್ರಹವೊಂದನ್ನು ಓದೋಣವೆಂದಳು. ಅದಕ್ಕೆ ಒಬ್ಬ ಸದಸ್ಯರು, ಮಲಯಾಳ ನಮ್ಮ ಸುತ್ತ ಬೇಕಾದಷ್ಟಿದೆ, ಕನ್ನಡಕ್ಕೆ ಉಳಿದಿರುವುದು ಈ ಒಂದು ಜಗಲಿ ಎಂದರು. ಆ ಮಾತಿನಲ್ಲಿರುವ ನೋವು ನಮಗೆ ತಿಳಿಯದುದಲ್ಲ. ಕನ್ನಡ ಪುಸ್ತಕ ಬೇಕಾದರೆ ಮಂಗಳೂರಿಗೋ ಪುತ್ತೂರಿಗೋ ಹೋಗುವವರು ನಾವು. ಆದರೂ ಆ ಹುಡುಗಿ ಕೇಳಿದ್ದು ಕನ್ನಡ ಪುಸ್ತಕವನ್ನೇ. ತನ್ನ ಅಜ್ಜಿಯ ಲೋಕವನ್ನು ಕನ್ನಡದಲ್ಲಿ ನಮಗೆ ತೋರಿಸಬೇಕೆಂದು ಆಕೆ ಬಯಸಿದಳು. ಒಂದು ಭಾಷೆಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಮಗುವೊಂದು ಸಲ್ಲಿಸುವುದು ಹೇಗೆ? ಮಂಜೇಶ್ವರದ ಗೋವಿಂದ ಪೈಗಳು (1883–1963) ತಮ್ಮ ಕಡಲ ತಡಿಯ ಮನೆಯಲ್ಲಿ ಕುಳಿತು ಕ್ರಿಸ್ತನ ಕೊನೆಯ ದಿನವನ್ನು ಗೊಲ್ಗೊಥಾದಲ್ಲಿ, ಬುದ್ಧನ ಕೊನೆಯ ದಿನವನ್ನು ವೈಶಾಖಿಯಲ್ಲಿ ಕನ್ನಡಕ್ಕೆ ತಂದರು. ಜಪಾನಿನ ನೋ ನಾಟಕಗಳನ್ನೂ ಅನುವಾದಿಸಿದರು. ಜಪಾನಿಗೆ ತೆರೆದ ಬಾಗಿಲನ್ನು ಪಕ್ಕದ ಮನೆಗೆ ಮುಚ್ಚುವುದು ಕನ್ನಡದ ರಕ್ಷಣೆಯಾಗಲಾರದೆಂಬುದೇ ನಮ್ಮ ಅಭಿಪ್ರಾಯ. ಪುಸ್ತಕವನ್ನು ಓದಿದೆವು. ಆಕ್ಷೇಪಿಸಿದ ಸದಸ್ಯರೂ ಓದಿದರು; ಅನುವಾದದ ಕನ್ನಡ ಸಪ್ಪೆಯೆಂದರು. ಅದು ನಿಜವೂ ಆಗಿತ್ತು.

ಇನ್ನೊಂದು ಪ್ರಸಂಗ ಇದಕ್ಕಿಂತ ಕಠಿನವಾದುದು. ಶಿವರಾಮ ಕಾರಂತರ ಚೋಮನ ದುಡಿಯನ್ನು ಓದಬೇಕೆಂಬ ಸೂಚನೆ ಬಂತು. 1933ರ ಆ ಕಾದಂಬರಿ ನಮ್ಮದೇ ಸೀಮೆಯ ಕಥೆ. ತನ್ನದೆಂದು ಒಂದು ತುಂಡು ನೆಲವನ್ನು ಉಳಬೇಕೆಂಬ ಚೋಮನ ಆಸೆಯನ್ನು, ಆ ಆಸೆ ಮುರಿದ ಬಗೆಯನ್ನು ಓದದೆ ಕನ್ನಡ ಓದಿದೆವೆಂದು ಹೇಳುವುದು ಕಷ್ಟ. ಸೂಚಿಸಿದವರು ತಮ್ಮ ಮಾತಿಗೆ ಒಂದು ಕಾರಣವನ್ನೂ ಸೇರಿಸಿದರು: ನಮ್ಮ ಕೂಟದಲ್ಲಿ ದಲಿತ ಮನೆಯ ಯುವಕನೊಬ್ಬನಿದ್ದಾನೆ, ಅವನಿಗಿದು ತನ್ನದೆನಿಸೀತು. ಆ ಯುವಕ ನಮ್ಮ ಶಾಲೆಯಲ್ಲಿಯೇ ಕಲಿತವನು, ಈಗ ವಿದ್ಯುತ್ತಿನ ವಯರಿಂಗ್ ಕೆಲಸ ಮಾಡುತ್ತಾನೆ. ಅವನೆಂದ: “ಓದುವ ಮಾಷ್ಟ್ರೆ, ಅದಕ್ಕೇನಂತೆ. ಆದ್ರೆ ಓದುವಾಗ ಎಲ್ಲರೂ ನನ್ನ ಮುಖ ನೋಡುದು ಬೇಡ.”

ಆ ಮಾತಿನ ಮೇಲೆ ನಾವು ಬಹಳ ದಿನ ಯೋಚಿಸಿದ್ದೇವೆ. ಪುಸ್ತಕವನ್ನು ಒಬ್ಬನಿಗಾಗಿ ಆರಿಸುವುದು ಪ್ರೀತಿಯೂ ಆಗಬಹುದು, ಅವನು ಇಷ್ಟೇ ಎಂದು ಅಳೆದು ಕೊಡುವುದೂ ಆಗಬಹುದು. ರೈತನ ಮಗನಿಗೆ ಕೃಷಿಯ ಪುಸ್ತಕ, ಹುಡುಗಿಗೆ ಸತಿಯರ ಕಥೆ, ಬಡವನಿಗೆ ಬಡವನ ಕಥೆ ಎಂದು ಕೊಡುವವನ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅವನು ಕೊಡುವುದು ಕನ್ನಡಿಯನ್ನು ಮಾತ್ರ, ಕಿಟಿಕಿಯನ್ನಲ್ಲ. ಕೂಡಿ ಓದುವಲ್ಲಿ ಕನ್ನಡಿ ಇನ್ನೂ ತೊಡಕಿನದು. ಏಕೆಂದರೆ ಉಳಿದವರು ಪುಸ್ತಕದೊಳಗಿನ ಮುಖವನ್ನು ಬಿಟ್ಟು ಎದುರಿಗಿರುವ ಮುಖವನ್ನು ಓದತೊಡಗುತ್ತಾರೆ. ಹಾಗಾದರೆ ಚೋಮನ ದುಡಿಯನ್ನು ಬಿಡಬೇಕೆ? ಬಿಡಬೇಕೆಂದು ಆ ಯುವಕನೇ ಹೇಳಲಿಲ್ಲ. ಚೋಮನಿಗೆ ನೆಲವನ್ನು ಕೊಡದವರು ಯಾರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದವರು ಉಳಿದವರು. ಆ ಪುಸ್ತಕ ಅವನಿಗಿಂತ ಹೆಚ್ಚಾಗಿ ಅವರದು. ಕಾರಣವನ್ನು ಹೀಗೆ ತಿರುಗಿಸಿಕೊಂಡ ಮೇಲೆಯೇ ನಾವು ಅದನ್ನು ಓದಿದ್ದು. ತನ್ನ ಸರದಿ ಬಂದಾಗ ಅವನು ಆರಿಸಿದ್ದು ನಕ್ಷತ್ರಗಳ ಕುರಿತಾದ ಒಂದು ಪುಸ್ತಕ. ಮೂಲಾ ನಕ್ಷತ್ರ ಯಾವುದೆಂದು ಪಂಚಾಂಗದಲ್ಲಲ್ಲದೆ ಆಕಾಶದಲ್ಲಿ ನಮ್ಮಲ್ಲಿ ಅನೇಕರು ಕಂಡದ್ದು ಅಂದೇ.

ಸರದಿ ಎಂದೆವು. ಈಗ ನಾವು ನಡೆಸುತ್ತಿರುವುದು ಅದನ್ನೇ. ಪ್ರತಿಯೊಬ್ಬರಿಗೂ ಒಂದು ತಿಂಗಳು. ಆ ತಿಂಗಳು ಆರಿಸುವ ಅಧಿಕಾರ ಪೂರ್ತಿ ಅವರದು. ಹಿರಿಯ ಕಿರಿಯರೆಂಬ ಭೇದವಿಲ್ಲ. ಅಧಿಕಾರಕ್ಕೆ ತಕ್ಕ ಹೊಣೆಯೂ ಇದೆ. ತಾನು ಮೊದಲಿನಿಂದ ಕೊನೆಯವರೆಗೆ ಓದಿರುವ ಪುಸ್ತಕವನ್ನೇ ಹೇಳಬೇಕು. ಅದನ್ನು ಹತ್ತು ಮಂದಿಯ ಮುಂದಿಡಲು ಕಾರಣವೇನೆಂದು ಎದ್ದು ನಿಂತು ಹೇಳಬೇಕು. ಉಳಿದವರು ಮೂವತ್ತು ಪುಟ ಓದದೆ ಟೀಕೆ ಮಾಡುವಂತಿಲ್ಲ. ಇಷ್ಟವಿಲ್ಲವೆಂಬುದು ಓದದಿರಲು ಕಾರಣವಲ್ಲ. ನೆಂಟರ ಮನೆಯಲ್ಲಿ ಬಡಿಸಿದುದನ್ನು ಉಣ್ಣುವಂತೆ ಇಲ್ಲಿಯೂ ಉಣ್ಣಬೇಕು. ಆದರೆ ಮನಸ್ಸಿಗೆ ಗಾಯವಾಗುವಂತಿದ್ದರೆ ವರ್ಷಕ್ಕೆ ಒಂದು ಸಲ ಯಾರೂ ಹಿಂದೆ ಸರಿಯಬಹುದು, ಕಾರಣವನ್ನು ಯಾರೂ ಕೇಳತಕ್ಕದ್ದಲ್ಲ. ಗಾಯವನ್ನು ತೋರಿಸಿ ರುಜುವಾತು ಮಾಡಬೇಕೆಂದರೆ ಅದು ಇನ್ನೊಂದು ಗಾಯ.

ಸರದಿಯಿಂದ ಕೀಳು ಪುಸ್ತಕಗಳು ನುಗ್ಗಲಾರವೆ ಎಂದು ಕೇಳುವವರಿದ್ದಾರೆ. ಒಂದೆರಡು ನುಗ್ಗಿದುವು. ಹುಡುಗನೊಬ್ಬ ತಂದ ಪತ್ತೇದಾರಿ ಕಾದಂಬರಿಯಲ್ಲಿ ಸತ್ತವನು ಹನ್ನೆರಡನೆಯ ಅಧ್ಯಾಯದಲ್ಲಿ ಚಹ ಕುಡಿಯುತ್ತಿದ್ದ. ಅದನ್ನು ಪತ್ತೆಹಚ್ಚಿದವನೂ ಅದೇ ಹುಡುಗ. ಹತ್ತು ಮಂದಿಗೆ ಸಮಾಧಾನ ಹೇಳಬೇಕಾದಾಗ ಎರಡನೆಯ ಸಲ ಓದಿದನಂತೆ. ಒಳ್ಳೆಯದನ್ನು ಆರಿಸುವ ಶಕ್ತಿ ಆರಿಸುವುದರಿಂದಲೇ ಬರತಕ್ಕದ್ದಲ್ಲದೆ, ಆರಿಸಿಕೊಟ್ಟುದನ್ನು ಓದುವುದರಿಂದ ಬಾರದು. ಗುಜರಾತಿನ ಗಿಜುಭಾಯಿ ಬಧೇಕಾ ಅವರ ದಿವಾಸ್ವಪ್ನದಲ್ಲಿ ಬರುವ ಅಧ್ಯಾಪಕನು, ಎಲ್ಲರೂ ಒಂದೇ ಪಠ್ಯಪುಸ್ತಕವನ್ನು ಕೊಳ್ಳುವ ಹಣದಿಂದ ತರಗತಿಗೊಂದು ಪುಸ್ತಕಾಲಯವನ್ನು ಮಾಡಲು ಹವಣಿಸುತ್ತಾನೆ. ತರಬೇತಿಯ ಕಾಲದಲ್ಲಿ ಗಿಜುಭಾಯಿಯವರ ಹೆಸರನ್ನು ಪರೀಕ್ಷೆಗಾಗಿ ಬರೆದವರು ನಾವು ಹಲವರಿದ್ದೇವೆ. ಆ ಅಧ್ಯಾಪಕನ ಧೈರ್ಯವೆಷ್ಟಿತ್ತೆಂಬುದು ತಿಳಿಯಬೇಕಾದರೆ, ಏಳನೆಯ ತರಗತಿಯ ಮಗು ತೋರಿಸಿದ ಪುಸ್ತಕವನ್ನು ಮರುಮಾತಿಲ್ಲದೆ ಓದಿ ನೋಡಬೇಕು.

ಹಣದ ಮಾತು ಉಳಿಯಿತು. ಹತ್ತು ಪ್ರತಿ ಕೊಳ್ಳುವ ಶಕ್ತಿ ನಮಗಿಲ್ಲ; ನಾಲ್ಕು ಕೊಂಡು ಕೈಯಿಂದ ಕೈಗೆ ದಾಟಿಸುತ್ತೇವೆ, ಕೆಲವು ಅಧ್ಯಾಯಗಳನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತೇವೆ. ನಮ್ಮ ನಮ್ಮ ಮನೆಯ ಪುಸ್ತಕಗಳನ್ನೆಲ್ಲ ಒಂದೇ ಕಪಾಟಿನಲ್ಲಿಡೋಣವೆಂಬ ಸಲಹೆಯೂ ಬಂದಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವನ ಗೆಳೆಯರು 1727ರಲ್ಲಿ ಕಟ್ಟಿದ ಕೂಟದವರು ಹಾಗೆಯೇ ಮಾಡಿ ನೋಡಿದ್ದರು. ಪುಸ್ತಕಗಳ ಬಗ್ಗೆ ಯಾರೂ ಸರಿಯಾಗಿ ಕಾಳಜಿ ವಹಿಸದೆ, ಸುಮಾರು ಒಂದು ವರ್ಷದಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಪುಸ್ತಕವನ್ನು ಮನೆಗೆ ಒಯ್ದ. 1731ರಲ್ಲಿ ಚಂದಾ ಕೂಡಿಸಿ ಬೇರೆಯೇ ಗ್ರಂಥಾಲಯವನ್ನು ಆರಂಭಿಸಿದ ಮೇಲೆ ಅದು ನಿಂತಿತು. ನಾವೂ ತಿಂಗಳಿಗಿಷ್ಟೆಂದು ಒಂದು ಡಬ್ಬಿಗೆ ಹಾಕುತ್ತೇವೆ; ಯಾರು ಎಷ್ಟು ಹಾಕಿದರೆಂದು ಬರೆದಿಡುವುದಿಲ್ಲ, ಹೆಚ್ಚು ಹಾಕಿದವರಿಗೆ ಹೆಚ್ಚು ಸರದಿಯೂ ಇಲ್ಲ.

ಬರುವ ತಿಂಗಳ ಸರದಿ ಏಳನೆಯ ತರಗತಿಯ ಹುಡುಗಿಯೊಬ್ಬಳದು. ಹಾವುಗಳ ಕುರಿತಾದ ಪುಸ್ತಕವೊಂದನ್ನು ಹೇಳಿದ್ದಾಳೆ. ಹಾವನ್ನು ಕಂಡಲ್ಲಿ ಕೊಲ್ಲುವ ತನ್ನ ಮನೆಯ ದೊಡ್ಡವರಿಗೆ ಅದನ್ನು ಓದಿಹೇಳಬೇಕಾಗಿದೆ ಎಂಬುದು ಆಕೆ ಕೊಟ್ಟ ಕಾರಣ. ಎರಡು ಪ್ರತಿಗಳು ಮಂಗಳೂರಿನಿಂದ ಬರಬೇಕು. ನಮ್ಮ ಟೀಚರೊಬ್ಬರಿಗೆ ಹಾವಿನ ಚಿತ್ರವನ್ನು ಕಂಡರೂ ಮೈ ನಡುಗುತ್ತದೆ. ಆದರೆ ಈ ವರ್ಷದ ಹಿಂಜರಿಕೆಯನ್ನು ಅವರು ಆಗಲೇ ಬಳಸಿಕೊಂಡಿದ್ದಾರೆ. ಅವರ ಪ್ರತಿಯಲ್ಲಿ ಚಿತ್ರಗಳಿರುವ ಪುಟಗಳಿಗೆ ಮಾತ್ರ ಹಳೆಯ ದಿನಪತ್ರಿಕೆಯ ಹಾಳೆಯನ್ನು ಅಂಟಿಸಿಕೊಡಲು ಮಕ್ಕಳು ಒಪ್ಪಿದ್ದಾರೆ.